ಅರವತ್ತು ಲೀಟರಿನ ‘ಆಲ್ ಇನ್ ಒನ್’ ರೀಫ್ ಟ್ಯಾಂಕ್: ಗಾಜು ಚೆನ್ನಾಗಿದೆ, ನೀರಿನ ಹೊಣೆ ಕೊಂಡವರದೇ

ಉಪ್ಪುನೀರಿನ ಹವಳದ ಅಕ್ವೇರಿಯಂ ಇಡಬೇಕೆಂದು ಮನಸ್ಸು ಮಾಡಿದ ಹೊಸಬರಿಗೆ ಮಾರಾಟಗಾರರು ಮೊದಲು ತೋರಿಸುವುದು ‘ಆಲ್ ಇನ್ ಒನ್’ ಎಂಬ ಸಣ್ಣ ಟ್ಯಾಂಕುಗಳನ್ನು. ಗಾಜಿನ ತೊಟ್ಟಿ, ಅದರ ಬೆನ್ನಿಗೇ ಅಡಗಿರುವ ಫಿಲ್ಟರ್ ಕೋಣೆಗಳು, ಪಂಪ್, ಎಲ್‌ಇಡಿ ದೀಪ, ಹೀಟರ್, ಉಪ್ಪಿನಂಶ ಅಳೆಯುವ ಹೈಡ್ರೋಮೀಟರ್, ಒಂದು ಪೊಟ್ಟಣ ಸಮುದ್ರದ ಉಪ್ಪು, ಒಂದು ಸೀಸೆ ಬ್ಯಾಕ್ಟೀರಿಯಾ ದ್ರಾವಣ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ನಾನು ಬಳಸುತ್ತಿರುವ 60 ಲೀಟರಿನ ಕಿಟ್ ಇದೇ ಅಚ್ಚಿನದು, ಮತ್ತು ಈ ವರ್ಗದ ಕಿಟ್‌ಗಳ ಒಳರಚನೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಇಲ್ಲಿ ಹೇಳುವ ಹೆಚ್ಚಿನ ಮಾತುಗಳು ಬೇರೆ ತಯಾರಕರ ಕಿಟ್‌ಗಳಿಗೂ ಅನ್ವಯಿಸುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತೊಟ್ಟಿ ಮತ್ತು ದೀಪದ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ನೀರನ್ನು ತಯಾರಿಸುವ, ಅಳೆಯುವ, ಒಂದೇ ಸ್ಥಿತಿಯಲ್ಲಿ ಕಾಯುವ ವಿಷಯಕ್ಕೆ ಬಂದಾಗ ತಯಾರಕರು ಕೈ ಬಿಗಿಹಿಡಿದಿದ್ದಾರೆ, ಮತ್ತು ಹವಳ ಸಾಕುವುದರಲ್ಲಿ ಮುಕ್ಕಾಲು ಪಾಲು ಕೆಲಸ ಇರುವುದು ಅಲ್ಲೇ.

ತೊಟ್ಟಿಯ ಕೆಲಸಗಾರಿಕೆ ಅಚ್ಚುಕಟ್ಟಾಗಿದೆ. ಗಾಜು ಹೆಚ್ಚು ಪಾರದರ್ಶಕ ಜಾತಿಯದು, ಮೂಲೆಗಳಲ್ಲಿ ಸಿಲಿಕೋನ್ ಒಂದೇ ದಪ್ಪಕ್ಕೆ ಕೂತಿದೆ, ಅಂಚುಗಳನ್ನು ಕೈಗೆ ತಗುಲದಂತೆ ಉಜ್ಜಿ ನುಣುಪು ಮಾಡಲಾಗಿದೆ. ಹೆಸರಿಗೆ 60 ಲೀಟರ್ ಎಂದಿದ್ದರೂ ಕಲ್ಲು, ಮರಳು ಮತ್ತು ಮೇಲಿನ ಖಾಲಿ ಅಂಚನ್ನು ಕಳೆದರೆ ನೀರು ನಿಲ್ಲುವುದು 50 ಲೀಟರಿನ ಆಸುಪಾಸು. ಉಪ್ಪು, ಔಷಧ, ಇನ್ನಾವುದೇ ದ್ರಾವಣದ ಪ್ರಮಾಣವನ್ನು ಲೆಕ್ಕ ಹಾಕುವಾಗ ಈ ಎರಡನೆಯ ಸಂಖ್ಯೆಯನ್ನೇ ಹಿಡಿಯಬೇಕು. ತುಂಬಿದ ಮೇಲೆ ಒಟ್ಟು ತೂಕ 80 ಕಿಲೋ ದಾಟುವುದರಿಂದ ಸಾಮಾನ್ಯ ಮೇಜು ಸಾಲದು. ಇಡುವ ಜಾಗವನ್ನು ಮಟ್ಟಗೋಲಿನಿಂದ ನೋಡಿಕೊಂಡೇ ನೀರು ಹಾಕಬೇಕು, ಏಕೆಂದರೆ ಒಂದು ಕಡೆ ವಾಲಿದ ತೊಟ್ಟಿಯಲ್ಲಿ ಗಾಜಿನ ಅಂಟುಗಳ ಮೇಲೆ ಬೀಳುವ ಭಾರ ಸಮನಾಗಿರುವುದಿಲ್ಲ.

ಈ ಕಿಟ್‌ನಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಹಿಂಬದಿಯ ಮೂರು ಕೋಣೆಗಳ ವ್ಯವಸ್ಥೆ. ತೊಟ್ಟಿಯ ಮೇಲ್ಪದರದ ನೀರು ಸಣ್ಣ ಸೀಳುಗಳ ಮೂಲಕ ಮೊದಲ ಕೋಣೆಗೆ ಇಳಿಯುತ್ತದೆ. ಇದರಿಂದ ನೀರಿನ ಮೇಲೆ ಕಟ್ಟುವ ಜಿಡ್ಡಿನ ಪೊರೆ ತಾನಾಗಿ ಹೋಗಿ, ಮೇಲ್ಮೈಯಲ್ಲಿ ಗಾಳಿಯ ವಿನಿಮಯ ಸಲೀಸಾಗುತ್ತದೆ. ಮೊದಲ ಕೋಣೆಯಲ್ಲಿ ಕಸ ಹಿಡಿಯುವ ಸ್ಪಂಜು, ಎರಡನೆಯದರಲ್ಲಿ ಇದ್ದಿಲು ಮತ್ತು ಸೆರಾಮಿಕ್ ಉಂಗುರಗಳು, ಮೂರನೆಯದರಲ್ಲಿ ನೀರನ್ನು ಮರಳಿ ತೊಟ್ಟಿಗೆ ತಳ್ಳುವ ಪಂಪ್. ಜೊತೆಗೆ ಕೊಟ್ಟಿರುವ ಒರಟು ಸ್ಪಂಜನ್ನು ತೆಗೆದು, ಆ ಜಾಗದಲ್ಲಿ ಬಿಳಿ ಫಿಲ್ಟರ್ ಹತ್ತಿಯನ್ನು ಇಟ್ಟು, ಎರಡು ಮೂರು ದಿನಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ತಿಂಗಳುಗಟ್ಟಲೆ ತೊಳೆಯದ ಸ್ಪಂಜಿನಲ್ಲಿ ಸಿಕ್ಕಿಕೊಂಡ ಆಹಾರ ಮತ್ತು ಮಲ ಅಲ್ಲೇ ಕೊಳೆತು ನೈಟ್ರೇಟ್ ಆಗಿ ನೀರಿಗೇ ಮರಳುತ್ತದೆ.

ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ವ್ಯವಸ್ಥೆಗೆ ಕೈಪಿಡಿಯೇ ಅಡ್ಡ ಬಂದಿರುವುದು ವಿಚಿತ್ರ. ಅದರ ಚಿತ್ರದಲ್ಲಿ ಹೀಟರನ್ನು ಮೂರನೆಯ ಕೋಣೆಯಲ್ಲಿ, ಪಂಪಿನ ಪಕ್ಕದಲ್ಲಿ ತೋರಿಸಿದ್ದಾರೆ. ಈ ರಚನೆಯಲ್ಲಿ ನೀರು ಆವಿಯಾದಾಗ ಮುಂದಿನ ತೊಟ್ಟಿಯ ಮಟ್ಟವೂ ಮೊದಲ ಎರಡು ಕೋಣೆಗಳ ಮಟ್ಟವೂ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಇಳಿಯುವುದೆಲ್ಲ ಮೂರನೆಯ ಕೋಣೆಯಲ್ಲಿ ಮಾತ್ರ. ಮುಂದಿನಿಂದ ನೋಡುವವರಿಗೆ ತೊಟ್ಟಿ ತುಂಬಿಯೇ ಕಾಣುತ್ತಿರುವಾಗ, ಹಿಂದೆ ಹೀಟರಿನ ಅರ್ಧ ಗಾಜು ನೀರಿನಿಂದ ಹೊರಗೆ ನಿಂತು ಕಾಯುತ್ತಿರುತ್ತದೆ, ಮತ್ತು ಆ ಸ್ಥಿತಿಯಲ್ಲಿ ಮೇಲಿನಿಂದ ತಣ್ಣೀರು ಸುರಿದರೆ ಗಾಜು ಸಿಡಿಯಬಹುದು. ಹೀಟರ್ ಎರಡನೆಯ ಕೋಣೆಯಲ್ಲಿರಬೇಕು. ಅದಕ್ಕಾಗಿ ಸೆರಾಮಿಕ್ ಉಂಗುರಗಳನ್ನು ತೆಗೆದುಹಾಕಬೇಕಾಗಿ ಬಂದರೂ ನಷ್ಟವಿಲ್ಲ, ಆ ಕೆಲಸವನ್ನು ತೊಟ್ಟಿಯೊಳಗಿನ ಕಲ್ಲು ಚೆನ್ನಾಗಿಯೇ ಮಾಡುತ್ತದೆ.

ಹೀಟರಿನ ಬಗ್ಗೆ ಇನ್ನೊಂದು ಮಾತು. ಕಿಟ್‌ನೊಂದಿಗೆ ಬಂದದ್ದು 100 ವಾಟಿನದು, ಉಷ್ಣತೆಯನ್ನು ಹೆಚ್ಚು ಕಡಿಮೆ ಮಾಡುವ ತಿರುಪು ಇಲ್ಲ. ಹೀಟರ್‌ಗಳು ಕೆಡುವಾಗ ‘ಆನ್’ ಸ್ಥಿತಿಯಲ್ಲೇ ಅಂಟಿಕೊಳ್ಳುವುದುಂಟು. ಹಾಗಾದಾಗ 100 ವಾಟಿನ ಹೀಟರ್ 50 ಲೀಟರ್ ನೀರನ್ನು ಗಂಟೆಗೆ ಸುಮಾರು ಒಂದೂವರೆ ಡಿಗ್ರಿಯಂತೆ ಏರಿಸಬಲ್ಲದು, ಅಂದರೆ ಒಂದು ರಾತ್ರಿಯಲ್ಲಿ ತೊಟ್ಟಿಯ ಕತೆ ಮುಗಿಯುತ್ತದೆ. 50 ವಾಟಿನ ಹೀಟರ್, ಅದರ ಮೇಲೊಂದು ಪ್ರತ್ಯೇಕ ಉಷ್ಣತಾ ನಿಯಂತ್ರಕ, ನಿಯಂತ್ರಕವನ್ನು 25ರಿಂದ 26 ಡಿಗ್ರಿ ಸೆಲ್ಸಿಯಸ್‌ಗೆ ಇಡುವುದು, ಇದು ನಾನು ಒಪ್ಪುವ ಏರ್ಪಾಡು. ಬಿಸಿಯಾದ ಕೋಣೆಯಲ್ಲಿ ಸಮಸ್ಯೆ ತಿರುವುಮುರುವು: ನೀರು 30 ಡಿಗ್ರಿಯ ಮೇಲೆ ಹಲವು ದಿನ ನಿಂತರೆ ಹವಳಗಳು ತಮ್ಮೊಳಗಿನ ಪಾಚಿಕೋಶಗಳನ್ನು ಹೊರಹಾಕಿ ಬಿಳಿಚಿಕೊಳ್ಳುವ ಅಪಾಯವಿದೆ. ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಒಂದೆರಡು ಡಿಗ್ರಿ ಇಳಿಸುತ್ತದೆಯಾದರೂ ಆವಿಯಾಗುವ ನೀರಿನ ಪ್ರಮಾಣವನ್ನು ಅಷ್ಟೇ ಹೆಚ್ಚಿಸುತ್ತದೆ.

ಆವಿಯ ಲೆಕ್ಕವನ್ನು ಹೊಸಬರು ಬಿಡಿಸಿ ನೋಡಲೇಬೇಕು, ಏಕೆಂದರೆ ಸಣ್ಣ ರೀಫ್ ಟ್ಯಾಂಕುಗಳು ಹಾಳಾಗುವ ಸಾಮಾನ್ಯ ದಾರಿ ಇದೇ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಸಮುದ್ರದ ನೀರಿನಲ್ಲಿ ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪಿರುತ್ತದೆ. 50 ಲೀಟರಿನಿಂದ ದಿನಕ್ಕೆ ಒಂದು ಲೀಟರ್ ಆವಿಯಾದರೆ ಮೂರನೆಯ ದಿನಕ್ಕೆ ಉಪ್ಪಿನಂಶ 37 ದಾಟುತ್ತದೆ. ಒಂದು ವಾರ ಹಾಗೇ ಬಿಟ್ಟರೆ 40ನ್ನೂ ಮೀರುತ್ತದೆ. ಆಗ ಗಾಬರಿಯಿಂದ ಏಳು ಲೀಟರ್ ಸಿಹಿನೀರನ್ನು ಒಮ್ಮೆಲೇ ಸುರಿಯುವುದು ಏರಿಕೆಗಿಂತಲೂ ಕೆಟ್ಟದ್ದು. ಹವಳಗಳು 34ರಲ್ಲೋ 36ರಲ್ಲೋ ಬದುಕಬಲ್ಲವು, ಆದರೆ ಎರಡರ ನಡುವೆ ದಿನವೂ ಓಲಾಡುವ ನೀರನ್ನು ಸಹಿಸಲಾರವು. ಆದ್ದರಿಂದ ಮಟ್ಟ ಇಳಿದಷ್ಟು ಶುದ್ಧ ಸಿಹಿನೀರನ್ನು ತಾನೇ ತುಂಬುವ ‘ಆಟೋ ಟಾಪ್ ಆಫ್’ ಎಂಬ ಸಣ್ಣ ಸಾಧನ ಐಷಾರಾಮದ ವಸ್ತುವಲ್ಲ. ಕಿಟ್‌ನ ತಯಾರಕರು ಅದನ್ನು ಕೊಟ್ಟಿಲ್ಲ. ಅದರ ಸೆನ್ಸರ್ ಕೂರಿಸಲು ಮೂರನೆಯ ಕೋಣೆಯಲ್ಲಿ ಜಾಗವನ್ನಾದರೂ ಬಿಟ್ಟಿದ್ದಾರೆ ಎಂಬುದು ಸಮಾಧಾನ.

ಕೊಟ್ಟಿರುವ ಹೈಡ್ರೋಮೀಟರನ್ನು ನಾನು ಬಳಸುವುದಿಲ್ಲ. ಅದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ತೇಲಿ ಅಂಕಿ ತೋರಿಸುವ ಬಗೆಯದು. ನೀರು ತುಂಬಿಸುವಾಗ ಮುಳ್ಳಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತುತ್ತವೆ. ಡಬ್ಬಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಗುಳ್ಳೆಗಳು ಬಿಟ್ಟು ಮುಳ್ಳು ಕೆಳಗೆ ಬರುವುದನ್ನು ಕಣ್ಣಾರೆ ನೋಡಬಹುದು. ತಟ್ಟದೆ ಓದಿದವರು ಉಪ್ಪು ಹೆಚ್ಚಾಗಿದೆಯೆಂದು ತಿಳಿದು ನೀರು ಬೆರೆಸುತ್ತಾರೆ, ನಿಜವಾದ ಉಪ್ಪಿನಂಶ ಕೆಳಗಿಳಿಯುತ್ತಾ ಹೋಗುತ್ತದೆ. ಒಂದು ಹನಿ ನೀರನ್ನು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡುವ ರಿಫ್ರ್ಯಾಕ್ಟೋಮೀಟರ್ ಇದಕ್ಕಿಂತ ಎಷ್ಟೋ ನಂಬಿಕಸ್ಥ, ಆದರೆ ಅದನ್ನು ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು. 35ರ ಪ್ರಮಾಣಿತ ದ್ರಾವಣದಿಂದಲೇ ಹೊಂದಿಸಬೇಕು, ಏಕೆಂದರೆ ನಮಗೆ ನಿಖರತೆ ಬೇಕಿರುವುದು ಅಳತೆಪಟ್ಟಿಯ ಆ ತುದಿಯಲ್ಲಿ.

ಉಪ್ಪಿನ ಪೊಟ್ಟಣ ಒಂದು ಕಿಲೋ ಇದೆ. ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಬೇಕಾಗುವುದರಿಂದ ಅದು ತೊಟ್ಟಿಯ ಅರ್ಧಕ್ಕೆ ಮಾತ್ರ ಸಾಕು, ಇದನ್ನು ಪೆಟ್ಟಿಗೆಯ ಮೇಲೆ ಎಲ್ಲಿಯೂ ಹೇಳಿಲ್ಲ. ಉಪ್ಪು ಬೆರೆಸುವ ನೀರಿನ ಬಗ್ಗೆಯೂ ಕೈಪಿಡಿ ‘ಕ್ಲೋರಿನ್ ತೆಗೆದ ನಲ್ಲಿ ನೀರು’ ಎಂದು ತೇಲಿಸಿ ಬರೆದಿದೆ, ಅದನ್ನು ನಾನು ಒಪ್ಪಲಾರೆ. ನಲ್ಲಿ ನೀರಿನಲ್ಲಿ ಬರಬಹುದಾದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳು ಪಾಚಿಗೆ ಊಟ. ಹಳೆಯ ಕೊಳವೆಗಳಿಂದ ಬರುವ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸಿಗಡಿ, ಬಸವನಹುಳು, ಹವಳ ಎಲ್ಲಕ್ಕೂ ವಿಷ. ಕುಡಿಯುವ ನೀರಿನ ಆರ್‌ಓ ಯಂತ್ರದ ನೀರು ಕೂಡ ಪೂರ್ತಿ ಸಾಲದು, ಅದರಲ್ಲಿ ರುಚಿಗೆಂದು ಖನಿಜಗಳನ್ನು ಮತ್ತೆ ಸೇರಿಸಿರುವುದುಂಟು. ಆರ್‌ಓ ಆದ ಮೇಲೆ, ಉಳಿದ ಅಯಾನುಗಳನ್ನು ಹಿಡಿಯುವ ಡಿಐ ರಾಳದ ಮೂಲಕ ಹಾದು, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮಾಪಕದಲ್ಲಿ ಸೊನ್ನೆ ತೋರಿಸುವ ನೀರೇ ಬೇಕು. ಉಪ್ಪನ್ನು ಪ್ರತ್ಯೇಕ ಬಕೆಟಿನಲ್ಲಿ, ಪಂಪ್ ತಿರುಗುತ್ತಿರುವ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ, ತೊಟ್ಟಿಯ ಉಷ್ಣತೆಗೆ ಬರುವವರೆಗೆ ಕೆಲವು ಗಂಟೆ ಬಿಡಬೇಕು. ಜೀವಿಗಳಿರುವ ತೊಟ್ಟಿಗೆ ನೇರವಾಗಿ ಉಪ್ಪು ಸುರಿಯುವಂತಿಲ್ಲ.

ಬ್ಯಾಕ್ಟೀರಿಯಾ ಸೀಸೆಯ ಮೇಲೆ ‘ಅದೇ ದಿನ ಮೀನು ಬಿಡಿ’ ಎಂದು ಬರೆದಿರುವುದು ಮಾರಾಟದ ಮಾತು. ಸೀಸೆಯಿಂದ ಸಹಾಯವಿಲ್ಲವೆಂದಲ್ಲ, ಆದರೆ ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಸೂಕ್ಷ್ಮಜೀವಿಗಳು ಕಲ್ಲು ಮರಳಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ. ಅಲ್ಲದೆ ಸಮುದ್ರದ ನೀರಿನ ಪಿಎಚ್ 8.1ರ ಆಸುಪಾಸಿನಲ್ಲಿರುವುದರಿಂದ, ತಟಸ್ಥ ಸಿಹಿನೀರಿಗೆ ಹೋಲಿಸಿದರೆ ಅಷ್ಟೇ ಅಮೋನಿಯಾ ಇಲ್ಲಿ ಹೆಚ್ಚು ವಿಷಕಾರಿ. ಮೀನಿಲ್ಲದ ತೊಟ್ಟಿಗೆ ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷ ಪಾಲಿಗೆ ಎರಡು ಪಾಲು) ತಂದು, ಅದು ಒಂದು ದಿನದೊಳಗೆ ಸೊನ್ನೆಗಿಳಿದು ನೈಟ್ರೈಟ್ ಕೂಡ ಸೊನ್ನೆಯಾಗಿ ಕಂಡ ಮೇಲೆ, ನೀರು ಬದಲಿಸಿ ಮೊದಲ ಮೀನನ್ನು ತರಬಹುದು. ಈ ಅವಧಿಯಲ್ಲಿ ದೀಪ ಹಚ್ಚುವ ಅಗತ್ಯವಿಲ್ಲ.

ಕಲ್ಲು ಕಿಟ್‌ನಲ್ಲಿ ಇಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಆದರೆ ತೊಟ್ಟಿಯ ನಿಜವಾದ ಫಿಲ್ಟರ್ ಕಲ್ಲೇ ಎಂಬುದನ್ನು ಕೈಪಿಡಿ ಒಂದು ವಾಕ್ಯದಲ್ಲಾದರೂ ಹೇಳಬಹುದಿತ್ತು. ಜಕಾರ್ತದ ಅಕ್ವೇರಿಯಂ ಹವ್ಯಾಸಿ ಲೀ ಚಿನ್ ಎಂಗ್ ಅವರು 1960ರ ದಶಕದ ಆರಂಭದಲ್ಲೇ, ಸಮುದ್ರದಿಂದ ತಂದ ಜೀವಂತ ಕಲ್ಲು (ಸೂಕ್ಷ್ಮಜೀವಿಗಳು ನೆಲೆಸಿರುವ ಕಲ್ಲು) ಮತ್ತು ಗಾಳಿಗುಳ್ಳೆ ಬಿಟ್ಟರೆ ಹೆಚ್ಚಿನ ಯಂತ್ರಗಳಿಲ್ಲದ ತೊಟ್ಟಿಗಳಲ್ಲಿ ಹವಳ ಸಾಕಿದ್ದರು. ಈಗ ಸಿಗುವ ಒಣ ಕಲ್ಲಿನಲ್ಲಿ ಕೀಟಗಳ ಕಾಟವಿಲ್ಲ, ಏಪ್ಟೇಸಿಯಾ ಎಂಬ ಕುಟುಕುವ ಕಳೆಯೂ ಬರುವುದಿಲ್ಲ, ಆದರೆ ಅದರಲ್ಲಿ ಜೀವವೈವಿಧ್ಯ ಕೂಡಿಬರಲು ತಿಂಗಳುಗಳು ಬೇಕು. ಹೆಚ್ಚಿನ ಪಾಲು ಒಣ ಕಲ್ಲು, ಅದರೊಂದಿಗೆ ನಂಬಿಕೆಯ ಹಳೆಯ ತೊಟ್ಟಿಯಿಂದ ಒಂದು ತುಂಡು ಜೀವಂತ ಕಲ್ಲು ಎಂಬುದು ನನಗೆ ಸರಿ ಕಂಡ ಹದ. ಕಲ್ಲುಗಳನ್ನು ಗಾಜಿಗೆ ತಾಗದಂತೆ, ಹಿಂದೆ ನೀರು ಓಡಾಡುವಷ್ಟು ಜಾಗ ಬಿಟ್ಟು ಜೋಡಿಸಬೇಕು. ಮರಳಿಗಿಂತ ಮೊದಲು ಕಲ್ಲು ಕೂರಬೇಕು, ಇಲ್ಲವಾದರೆ ಮರಳು ತೋಡುವ ಮೀನುಗಳಿಂದ ಅಡಿ ಸಡಿಲಾಗಿ ಕಲ್ಲು ಉರುಳಬಹುದು.

ಮೊದಲ ತಿಂಗಳುಗಳಲ್ಲಿ ಮರಳಿನ ಮೇಲೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಕಂದು ಪದರ, ಆಮೇಲೆ ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ ಬರುತ್ತವೆ. ಟ್ರೋಕಸ್ ಬಸವನಹುಳುಗಳು ಮತ್ತು ಕೈಯಿಂದ ಕೀಳುವ ತಾಳ್ಮೆ ಇದ್ದರೆ ಇದು ಕಳೆಯುವ ಹಂತ. ಪಾಚಿಯ ಮೇಲಿನ ಸಿಟ್ಟಿಗೆ ಫಾಸ್ಫೇಟ್ ಹೀರುವ ರಾಸಾಯನಿಕವನ್ನು ಹಾಕಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗಿಳಿಸುವುದು ಮಾತ್ರ ದೊಡ್ಡ ತೊಂದರೆಗೆ ಆಹ್ವಾನ, ಏಕೆಂದರೆ ಅಂಥ ಬರಡು ನೀರಿನಲ್ಲೇ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳು ಲೋಳೆಯಂತೆ ಹಬ್ಬುತ್ತವೆ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಹವಳಗಳಿಗೂ ಅದು ಬೇಕು.

ದೀಪಕ್ಕೆ ನಾನು ಒಳ್ಳೆಯ ಅಂಕ ಕೊಡುತ್ತೇನೆ. ಹವಳದ ಅಂಗಾಂಶದಲ್ಲಿರುವ ಪಾಚಿಕೋಶಗಳು ದ್ಯುತಿಸಂಶ್ಲೇಷಣೆಯಿಂದ ಮಾಡುವ ಆಹಾರದ ಬಹುಪಾಲು ಹವಳಕ್ಕೇ ಸಲ್ಲುತ್ತದೆ, ಆದ್ದರಿಂದ ದೀಪ ಇಲ್ಲಿ ಅಲಂಕಾರವಲ್ಲ. ಈ ಕಿಟ್‌ನ ದೀಪದಲ್ಲಿ ನೀಲಿ ಮತ್ತು ಬಿಳಿ ಬೆಳಕನ್ನು ಬೇರೆಬೇರೆಯಾಗಿ ಹೊಂದಿಸಬಹುದು. ಮೆದು ಹವಳಗಳಿಗೂ ಡಂಕನ್, ಹ್ಯಾಮರ್‌ನಂಥ ದೊಡ್ಡ ಪಾಲಿಪ್‌ನ (ಪಾಲಿಪ್ ಎಂದರೆ ಹವಳದ ಒಂದೊಂದು ಜೀವಿ) ಕಲ್ಲುಹವಳಗಳಿಗೂ ಬೇಕಾದ ಬೆಳಕು ತೊಟ್ಟಿಯ ಮಧ್ಯಭಾಗದವರೆಗೆ ಸಿಗುತ್ತದೆ. ಹೆಚ್ಚು ಬೆಳಕು ಬೇಡುವ ಅಕ್ರೋಪೋರಾ ಎಂಬ ಕಲ್ಲುಹವಳ ಬೇಕೆನ್ನುವವರಿಗೆ ಇದು ಸಾಲದು, ಆದರೆ ಅಕ್ರೋಪೋರಾವನ್ನು ಹೊಸ ತೊಟ್ಟಿಯಲ್ಲಿ ಇಡುವುದೇ ಸಲ್ಲದು. ಕೈಪಿಡಿಯ ಹನ್ನೆರಡು ಗಂಟೆಯ ಪೂರ್ಣ ಬೆಳಕು ಪಾಚಿಗೆ ಹಬ್ಬ. ಅರ್ಧಕ್ಕಿಂತ ಕಡಿಮೆ ತೀವ್ರತೆಯಲ್ಲಿ ದಿನಕ್ಕೆ ಎಂಟು ಗಂಟೆಯಿಂದ ಆರಂಭಿಸಿ ವಾರಗಟ್ಟಲೆ ತೆಗೆದುಕೊಂಡು ಏರಿಸುವುದು ಲೇಸು.

ಪಂಪ್ ಗಂಟೆಗೆ 600 ಲೀಟರ್ ತಳ್ಳುತ್ತದೆ, ಸದ್ದು ಕಡಿಮೆ. ಆದರೆ ನೀರು ಒಂದೇ ಮೂಲೆಯಿಂದ ಬರುವುದರಿಂದ ಕಲ್ಲಿನ ಹಿಂದೆ ಕಸ ಕೂರುತ್ತದೆ. ಎದುರು ಗಾಜಿಗೆ ನೀರನ್ನು ಅಲುಗಾಡಿಸುವ ಸಣ್ಣ ವೇವ್‌ಮೇಕರ್ ಒಂದನ್ನು ಸೇರಿಸಬೇಕು. ವಿದ್ಯುತ್ ತಂತಿಗಳು ಬೇಕಾದದ್ದಕ್ಕಿಂತ ಗಿಡ್ಡ. ತಂತಿ ಪ್ಲಗ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೇರಿದರೆ ಮಾತ್ರ ಅದರ ಮೇಲೆ ಹರಿಯುವ ಉಪ್ಪುನೀರು ಪ್ಲಗ್ ತಲುಪದೆ ಕೆಳಗೆ ತೊಟ್ಟಿಕ್ಕುತ್ತದೆ, ಅಷ್ಟು ಉದ್ದವನ್ನು ಇವರು ಕೊಟ್ಟಿಲ್ಲ. ವಿದ್ಯುತ್ ಸೋರಿಕೆಯಾದಾಗ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು ಇಲ್ಲದ ಸಾಲಿಗೆ ಇದನ್ನು ಜೋಡಿಸಲೇಬಾರದು.

ಪೆಟ್ಟಿಗೆಯ ಮೇಲಿನ ಚಿತ್ರದ ಬಗ್ಗೆ ನನ್ನ ತಕರಾರು ಗಂಭೀರವಾದದ್ದು. ಅದರಲ್ಲಿ ಈ ತೊಟ್ಟಿಯೊಳಗೆ ನೀಲಿ ಟ್ಯಾಂಗ್, ಮ್ಯಾಂಡರಿನ್ ಮೀನು ಮತ್ತು ಹೂವಿನಂತೆ ಕಾಣುವ, ಕುಟುಕುವ ಕಡಲಜೀವಿಯಾದ ದೊಡ್ಡ ಅನಿಮೋನ್ ಇವೆ. ನೀಲಿ ಟ್ಯಾಂಗ್ 30 ಸೆಂಟಿಮೀಟರಿನವರೆಗೆ ಬೆಳೆಯುವ, ದೂರ ಈಜುವ ಮೀನು. ಮ್ಯಾಂಡರಿನ್ ಇಡೀ ದಿನ ಕಲ್ಲಿನ ಮೇಲಿನ ಕೋಪೆಪಾಡ್ ಎಂಬ ಅತಿ ಸಣ್ಣ ಕಠಿಣಚರ್ಮಿಗಳನ್ನು ಹೆಕ್ಕಿ ತಿನ್ನುವುದರಿಂದ ಹೊಸ ತೊಟ್ಟಿಯಲ್ಲಿ ಉಪವಾಸ ಬೀಳುತ್ತದೆ. ಅನಿಮೋನ್ ಅಲೆದಾಡಿ ಹವಳಗಳನ್ನು ಕುಟುಕುತ್ತದೆ, ಪಂಪಿಗೆ ಸಿಕ್ಕಿ ಸತ್ತರೆ ಇಡೀ ನೀರನ್ನು ಕೆಡಿಸುತ್ತದೆ. ಕೊಳ್ಳುವವರು ನಂಬುವುದು ಚಿತ್ರವನ್ನೇ ಎಂದು ತಿಳಿದೂ ಹೀಗೆ ಅಚ್ಚು ಹಾಕಿಸುವುದನ್ನು ಮರೆವು ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಈ ಅಳತೆಗೆ ಒಪ್ಪುವುದು ತೊಟ್ಟಿಯಲ್ಲೇ ಮರಿ ಮಾಡಿಸಿದ ಆಸೆಲ್ಲಾರಿಸ್ ಕ್ಲೌನ್ ಮೀನಿನ ಜೋಡಿ ಮತ್ತು ಒಂದು ಸಣ್ಣ ಗೋಬಿ ಮೀನು. ಕ್ಲೌನ್ ಮರಿಗಳು ಎಲ್ಲವೂ ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ಮೇಲುಗೈಯಾದದ್ದು ಹೆಣ್ಣಾಗುವುದರಿಂದ, ಒಂದು ದೊಡ್ಡದು ಒಂದು ಚಿಕ್ಕದು ಆರಿಸಿದರೆ ಜಗಳ ಕಡಿಮೆ. ಅವುಗಳಿಗೆ ಅನಿಮೋನ್ ಕಡ್ಡಾಯವಲ್ಲ. ಗೋಬಿ ಹಾರುವ ಜಾತಿಯದಾದರೆ ಕಿಟ್‌ನ ಗಾಜಿನ ಮುಚ್ಚಳದ ಹಿಂಬದಿಯ ಸಂದು ಅದಕ್ಕೆ ಸಾಕಷ್ಟು ದೊಡ್ಡದು, ಬಲೆಯ ಮುಚ್ಚಳ ಹೊಂದಿಸುವುದು ಮೇಲು. ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡಬೇಕು: ಬಿಳಿಚುಕ್ಕೆ ರೋಗ ಒಳಗೆ ಬಂದರೆ ಅದಕ್ಕೆ ಕೊಡುವ ತಾಮ್ರದ ಔಷಧವನ್ನು ಹವಳವಿರುವ ನೀರಿಗೆ ಹಾಕುವಂತಿಲ್ಲ.

ಹವಳಗಳಲ್ಲಿ ಅಣಬೆ ಹವಳ, ಗ್ರೀನ್ ಸ್ಟಾರ್ ಪಾಲಿಪ್, ಜೋವಾಂಥಸ್‌ನಿಂದ ಆರಂಭಿಸಬಹುದು. ಜೋವಾಂಥಸ್ ಮತ್ತು ಅದರ ಹತ್ತಿರದ ಸಂಬಂಧಿ ಪ್ಯಾಲಿಥೋವಾದ ಕೆಲವು ಬಗೆಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಪ್ರಬಲ ವಿಷವಿರುತ್ತದೆ. ಕೈಗವಸು, ಕನ್ನಡಕವಿಲ್ಲದೆ ಅವನ್ನು ಕತ್ತರಿಸಬಾರದು, ಅವು ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಬಿಸಿನೀರಿನಲ್ಲಿ ಕುದಿಸಬಾರದು. ಈ ಎಚ್ಚರಿಕೆ ಕೈಪಿಡಿಯಲ್ಲಿ ಇಲ್ಲದಿರುವುದು ಅದರ ಎಲ್ಲ ಕೊರತೆಗಳಲ್ಲಿ ದೊಡ್ಡದು. ಕಲ್ಲುಹವಳಗಳು ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ಆದ್ದರಿಂದ ಕಾಗದಪತ್ರವಿರುವ, ತೊಟ್ಟಿಯಲ್ಲೇ ಬೆಳೆಸಿದ ತುಂಡುಗಳನ್ನೇ ಕೇಳಿ ತೆಗೆದುಕೊಳ್ಳಬೇಕು.

ಮೆದು ಹವಳಗಳೇ ಹೆಚ್ಚಿರುವವರೆಗೆ ವಾರಕ್ಕೊಮ್ಮೆ 10ರಿಂದ 15 ಪ್ರತಿಶತ ನೀರು ಬದಲಿಸಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಚಿಂತೆ ಇರುವುದಿಲ್ಲ, ಕೊಳೆಯನ್ನು ನೊರೆಯಾಗಿ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಕೂಡ ಬೇಕಿಲ್ಲ. ಕಲ್ಲುಹವಳಗಳು ಬೆಳೆಯತೊಡಗಿದಾಗ ಮೊದಲು ಇಳಿಯುವುದು ಕ್ಷಾರತೆ. ಅದನ್ನು 8ರಿಂದ 9 ಡಿಕೆಎಚ್ (ಕ್ಷಾರತೆಯ ಅಳತೆಮಾನ) ನಡುವೆ ನಿಲ್ಲಿಸಲು ಕಿಟ್‌ನ ಬಣ್ಣದ ಕಾಗದದ ಪಟ್ಟಿಗಳು ಪ್ರಯೋಜನಕ್ಕೆ ಬಾರವು, ಹನಿ ಹಾಕಿ ಅಳೆಯುವ ಪರೀಕ್ಷೆಯೇ ಬೇಕು.

ಹೀಟರ್ ನಿಯಂತ್ರಕ, ಆಟೋ ಟಾಪ್ ಆಫ್, ರಿಫ್ರ್ಯಾಕ್ಟೋಮೀಟರ್, ಶುದ್ಧ ನೀರಿನ ವ್ಯವಸ್ಥೆ ಇವುಗಳಿಗೂ ಕೈಯಲ್ಲಿ ಹಣವಿದ್ದವರು ಈ ಕಿಟ್ ಕೊಳ್ಳಬಹುದು. ಕಿಟ್‌ನ ಬೆಲೆಯಷ್ಟೇ ಹಣ ಒಟ್ಟು ಮಾಡಿಕೊಂಡವರು ಇನ್ನಷ್ಟು ದಿನ ಕಾಯಲಿ. ಇದೇ ಸಾಲಿನಲ್ಲಿ 30 ಲೀಟರಿನ ಮಾದರಿಯೂ ಇದೆ, ನೋಡಲು ಇನ್ನೂ ಮುದ್ದು. ಆದರೆ ಕಲ್ಲು ಮರಳು ಹೋಗಿ 24 ಲೀಟರ್ ಉಳಿಯುವ ಅದರಲ್ಲಿ ಒಂದು ಲೀಟರ್ ಆವಿಯಾದರೇ ಉಪ್ಪಿನಂಶ 36.5 ಮುಟ್ಟುತ್ತದೆ, ಕ್ಲೌನ್ ಜೋಡಿಗೆ ಜಾಗವೂ ಸಾಲದು. ಹೊಸಬರಿಗೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.